ರೇಡಿಯೊ ಗೆಲಾಕ್ಸಿಗಳಲ್ಲಿ ಎರಡು ಜಾತಿ

ಕೆಲವು ಗೆಲಾಕ್ಸಿಗಳ ನಡುವಿನ ಕಪ್ಪುಕುಳಿಯ ಬಳಿಯಿಂದ ಎರಡೂ ದಿಕ್ಕಿಗೆ ಕಣಗಳ ಕಾರಂಜಿ ಚಿಮ್ಮುತ್ತದೆ. ರೇಡಿಯೊ ದೂರದರ್ಶಕಕ್ಕೆ ಕಾಣುವುದು ಅದೇ. 1974ರಲ್ಲಿ ಕೇಂಬ್ರಿಜ್‌ನ ಬರ್ನಾರ್ಡ್ ಫ್ಯಾನರಾಫ್ ಮತ್ತು ಜೂಲಿಯಾ ರೈಲಿ ಇಂಥ 57 ಆಕರಗಳನ್ನು ಅಳೆದು ನೋಡಿದರು. ಲೆಕ್ಕ ಸುಲಭ: ನಡುವಿನ ಕೇಂದ್ರವನ್ನು ಬಿಟ್ಟು, ಎರಡು ಬದಿಯ ಅತಿ ಪ್ರಕಾಶಮಾನ ಜಾಗಗಳ ಅಂತರ ಒಟ್ಟು ಉದ್ದದ ಅರ್ಧಕ್ಕಿಂತ ಕಡಿಮೆಯಿದ್ದರೆ ಎಫ್‌ಆರ್-1, ಹೆಚ್ಚಿದ್ದರೆ ಎಫ್‌ಆರ್-2. ಮೊದಲನೆಯದು ಅಂಚಿಗೆ ಹೋದಂತೆ ಮಂಕಾಗುತ್ತದೆ. ಎರಡನೆಯದಕ್ಕೆ ತುದಿಗಳಲ್ಲೇ ಝಗಮಗ. ಸಿಗ್ನಸ್ ಎ ಎಂಬ ಗೆಲಾಕ್ಸಿ ಅಂಥದ್ದು. ಸೋಜಿಗವೆಂದರೆ, ಆಕಾರ ನೋಡಿ ವಿಂಗಡಿಸಿದ್ದು ಬಲಾಬಲದ ವಿಂಗಡಣೆಯೂ ಆಯಿತು: ಎಫ್‌ಆರ್-2ಗಳು ಬಹುಮಟ್ಟಿಗೆ ಹೆಚ್ಚು ಪ್ರಬಲ. ಫ್ಯಾನರಾಫ್ ಮಾತ್ರ ಆಮೇಲೆ ಆಕಾಶ ಬಿಟ್ಟು ದಕ್ಷಿಣ ಆಫ್ರಿಕಾದ ಲೋಹ ಕಾರ್ಮಿಕರ ಸಂಘಕ್ಕೆ ದುಡಿದರು. ವರ್ಷಗಳ ಬಳಿಕ ಮರಳಿ ಬಂದು ಅಲ್ಲಿನ ಎಸ್‌ಕೆಎ ದೂರದರ್ಶಕ ಯೋಜನೆಯನ್ನು ಮುನ್ನಡೆಸಿದರು.