ಪಟ್ಟಿಗೆ ಕಾಣದ ಪ್ರೋಟೀನು

ಅಣ್ಣನ ಬೆನ್ನುನೋವು ವಯೋಧರ್ಮವೆಂದೇ ಬಗೆದು, ನೋವಿನ ಗುಳಿಗೆಗಳನ್ನು ತಂದುಕೊಟ್ಟವನು ನಾನೇ. ಮೂತ್ರಕ್ಕೆ ಅದ್ದಿದ ಪರೀಕ್ಷೆಯ ಪಟ್ಟಿ ದೋಷವಿಲ್ಲವೆಂದು ಸಾರಿತು; ಪಾಪ, ಅದು ಮುಖ್ಯವಾಗಿ ಬಲ್ಲುದು ಆಲ್ಬುಮಿನ್ನನ್ನು. ಮೂಳೆಮಜ್ಜೆಯ ಕ್ಯಾನ್ಸರಾದ ಮಲ್ಟಿಪಲ್ ಮೈಲೋಮಾದಲ್ಲಿ ಮೂತ್ರಕ್ಕಿಳಿಯುವ ಪ್ರೋಟೀನೇ ಬೇರೆ. 1845ರಲ್ಲಿ ಲಂಡನ್ನಿನ ದಿನಸಿ ವ್ಯಾಪಾರಿಯೊಬ್ಬನ ಮೂತ್ರದಲ್ಲಿ ಬೆನ್ಸ್ ಜೋನ್ಸ್ ಎಂಬ ವೈದ್ಯರು ಅದರ ವಿಲಕ್ಷಣ ನಡತೆಯನ್ನು ಕಂಡರು: ಕುದಿಸಿದರೆ ಕರಗುವುದು, ಆರಿದರೆ ಮತ್ತೆ ಗರಣೆಗಟ್ಟುವುದು. ಮೊಟ್ಟೆಯ ಬಿಳಿಗೆ ತದ್ವಿರುದ್ಧ! ಇಂದು ಲೈಟ್ ಚೈನ್ ಎನಿಸಿಕೊಳ್ಳುವ ಈ ಪ್ರೋಟೀನು ಮೂತ್ರಪಿಂಡದ ಸೂಕ್ಷ್ಮನಾಳಗಳಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ನೋವಿನ ಗುಳಿಗೆ ಆ ಕೇಡಿಗೆ ಒತ್ತಾಸೆ. ಅದನ್ನು ರಕ್ತದಲ್ಲಿ ಅಳೆದು, ಮಜ್ಜೆಯನ್ನು ಪರೀಕ್ಷಿಸಿದಾಗ ರೋಗ ಬಯಲಾಯಿತು. ಗುಳಿಗೆ ನಿಂತಿತು, ಬೋರ್ಟೆಜೋಮಿಬ್ ಚುಚ್ಚುಮದ್ದು ಮೊದಲಾಯಿತು, ಡಯಾಲಿಸಿಸ್ಸೂ ಬೇಕಾಯಿತು. “ಆ ಗುಳಿಗೆ ನುಂಗಿದರೆ ನಿದ್ರೆಯಾದರೂ ಬರುತ್ತಿತ್ತಪ್ಪ,” ಎಂದು ಅಣ್ಣ ನಗುತ್ತಾನೆ, ನನಗೆ ನಗಲಾಗುವುದಿಲ್ಲ.