ಗುರುತು, ಸಾಕ್ಷಿ ಮತ್ತು ಸಂಖ್ಯೆ: ಖಾಸಗಿ ಸಂಸ್ಥೆಗಳ ಆಧಾರ್ ಬಳಕೆ ಕುರಿತು ಒಂದು ಜಾನಪದೀಯ ಅವಲೋಕನ

ಒಬ್ಬ ವ್ಯಕ್ತಿಯನ್ನು 'ಇವನು ಇಂಥವನೇ' ಎಂದು ನಿಶ್ಚಯಿಸುವ ಅಗತ್ಯ ಎಲ್ಲ ಸಮಾಜಗಳಲ್ಲಿಯೂ ಇದೆ. ಉದ್ರಿ ಕೊಡುವಾಗ, ಹೆಣ್ಣು ತರುವಾಗ, ದೂರದಿಂದ ಬಂದವನಿಗೆ ರಾತ್ರಿ ತಂಗಲು ಜಗಲಿ ಬಿಡುವಾಗ ಈ ನಿಶ್ಚಯ ಬೇಕಾಗುತ್ತದೆ. ಜನಪದರು ಇದಕ್ಕೆ ತಮ್ಮದೇ ಆದ ವಿಧಾನಗಳನ್ನು ರೂಪಿಸಿಕೊಂಡಿದ್ದರು. ಆಧುನಿಕ ಪ್ರಭುತ್ವ ಅದೇ ಕೆಲಸಕ್ಕೆ ಸಂಖ್ಯೆಯನ್ನು ತಂದಿದೆ. ಪ್ರಭುತ್ವ ಕೊಟ್ಟ ಸಂಖ್ಯೆಯನ್ನು ಖಾಸಗಿ ಕಂಪನಿಗಳು ತಮ್ಮ ಗ್ರಾಹಕರನ್ನು ತಾಳೆ ನೋಡಲು ಬಳಸತೊಡಗಿದಾಗ ಏಳುವ ಪ್ರಶ್ನೆಗಳನ್ನು, ಆಧಾರ್ ಸಂಖ್ಯೆಯನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಪರಂಪರೆಯಲ್ಲಿ ಗುರುತು

ಕರ್ನಾಟಕದ ಹೆಳವರು ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹರು. ಎತ್ತಿನ ಮೇಲೆ ಊರೂರು ಸಂಚರಿಸುತ್ತ, ತಮ್ಮ ಒಕ್ಕಲು ಮನೆಗಳ ವಂಶಾವಳಿಯನ್ನು ನೆನಪಿನಲ್ಲಿಯೂ ಹಸ್ತಪ್ರತಿಗಳಲ್ಲಿಯೂ ಕಾಪಾಡಿಕೊಂಡು ಬಂದ ಸಮುದಾಯ ಇವರದು. ಮನೆಯ ಮುಂದೆ ನಿಂತು ಆ ಮನೆತನದ ಮೂಲ, ಬೆಡಗು, ಹಿರಿಯರ ಹೆಸರುಗಳನ್ನು ಹೇಳಿ ಕಾಳುಕಡ್ಡಿ ಪಡೆಯುವುದು ಇವರ ವೃತ್ತಿ. ಇಲ್ಲಿ ಎರಡು ಅಂಶಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಮಾಹಿತಿಯನ್ನು ಹೊತ್ತವನು ಅದನ್ನು ಮಾಹಿತಿಯ ಒಡೆಯನ ಎದುರಿನಲ್ಲಿಯೇ, ಅವನು ಕೇಳುವಂತೆ ಹೇಳುತ್ತಾನೆ. ತಪ್ಪಿದ್ದರೆ ಅಲ್ಲಿಯೇ ತಿದ್ದಬಹುದು. ಎರಡನೆಯದಾಗಿ, ಹೊತ್ತವನಿಗೂ ಒಡೆಯನಿಗೂ ನಡುವೆ ತಲೆಮಾರುಗಳ ಋಣವಿದೆ.

ಕಥನ ಪರಂಪರೆಯಲ್ಲಿ ಬರುವ ಗುರುತಿನ ವಸ್ತುವೂ ಇಂಥದ್ದೇ. ರಾಮನು ಹನುಮಂತನ ಕೈಯಲ್ಲಿ ಕಳುಹಿಸಿದ ಉಂಗುರ ಸೀತೆಯೊಬ್ಬಳಿಗೆ ಮಾತ್ರ ಅರ್ಥವಾಗುವ ಸಾಕ್ಷಿ. ಅದು ಒಬ್ಬರಿಗಾಗಿ, ಒಂದು ಉದ್ದೇಶಕ್ಕಾಗಿ ಕೊಟ್ಟದ್ದು. ಆ ಉದ್ದೇಶ ತೀರಿದ ಮೇಲೆ ಅದನ್ನು ಬೇರೆಯವರು ಬೇರೆ ಕೆಲಸಕ್ಕೆ ಬಳಸುವ ಪ್ರಶ್ನೆ ಏಳುವುದಿಲ್ಲ.

ಆದರೆ ಪರಂಪರೆಯ ಗುರುತನ್ನು ಕೇವಲ ಅಭಿಮಾನದಿಂದ ನೋಡುವುದು ಸರಿಯಲ್ಲ. 'ಯಾವ ಊರು, ಯಾರ ಪೈಕಿ' ಎಂಬ ಪ್ರಶ್ನೆಯ ಒಳಗೆ ಜಾತಿಯ ಪ್ರಶ್ನೆ ಅಡಗಿರುತ್ತದೆ. ಪರಿಚಯದ ಬಲದಿಂದ ನಡೆಯುವ ವ್ಯವಸ್ಥೆಯಲ್ಲಿ ಪರಿಚಯವಿಲ್ಲದವನಿಗೆ ಸ್ಥಾನವಿಲ್ಲ. ರಾಯಚೂರಿನಿಂದ ಬೆಂಗಳೂರಿಗೆ ದುಡಿಯಲು ಬಂದ ಕೂಲಿಕಾರನಿಗೆ ಜಾಮೀನು ನಿಲ್ಲುವವರು ಯಾರು? ಸಂಖ್ಯೆ ಈ ಪ್ರಶ್ನೆಗೆ ಒಂದು ಉತ್ತರವಾಗಿ ಬಂದಿತು ಎಂಬುದನ್ನು ಮರೆಯುವಂತಿಲ್ಲ.

೨. ಸಂಖ್ಯೆಯ ಸ್ವರೂಪ

ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರವು ೨೦೦೯ರಲ್ಲಿ ನಂದನ್ ನಿಲೇಕಣಿಯವರ ಅಧ್ಯಕ್ಷತೆಯಲ್ಲಿ ಕಾರ್ಯಾರಂಭ ಮಾಡಿತು. ೨೦೧೦ರ ಸೆಪ್ಟೆಂಬರ್ ೨೯ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭಲಿ ಎಂಬ ಹಳ್ಳಿಯಲ್ಲಿ ಮೊದಲ ಸಂಖ್ಯೆಗಳನ್ನು ವಿತರಿಸಲಾಯಿತು. ೨೦೧೬ರ ಏಪ್ರಿಲ್ ವೇಳೆಗೆ ೧೦೦ ಕೋಟಿ ಸಂಖ್ಯೆಗಳು ವಿತರಣೆಯಾಗಿದ್ದವು.

ಈ ಸಂಖ್ಯೆಯಲ್ಲಿ ೧೨ ಅಂಕಿಗಳಿವೆ. ಊರು, ಕುಲ, ವಯಸ್ಸು, ಲಿಂಗ ಯಾವುದನ್ನೂ ಈ ಅಂಕಿಗಳು ಸೂಚಿಸುವುದಿಲ್ಲ; ಕೊನೆಯ ಅಂಕಿ ಬರವಣಿಗೆಯ ತಪ್ಪನ್ನು ಹಿಡಿಯಲು ಮಾತ್ರ ಇದೆ. ಬೆಡಗಿನ ಹೆಸರು ಎಲ್ಲವನ್ನೂ ಹೇಳಿಬಿಡುತ್ತದೆ, ಸಂಖ್ಯೆ ಏನನ್ನೂ ಹೇಳುವುದಿಲ್ಲ. ಇದು ಅದರ ದೊಡ್ಡ ಗುಣ. ಆದರೆ ಏನನ್ನೂ ಹೇಳದ ಈ ಸಂಖ್ಯೆ, ಬ್ಯಾಂಕು, ದೂರವಾಣಿ, ವಿಮೆ, ಆಸ್ಪತ್ರೆಗಳಲ್ಲಿ ಚದುರಿಹೋಗಿರುವ ಒಬ್ಬನೇ ವ್ಯಕ್ತಿಯ ವಿವರಗಳನ್ನು ಒಂದು ದಾರದಲ್ಲಿ ಪೋಣಿಸಬಲ್ಲದು. ಅಪಾಯವಿರುವುದು ಅಂಕಿಯಲ್ಲಿ ಅಲ್ಲ, ದಾರದಲ್ಲಿ.

ಪರಿಶೀಲನೆ ಎರಡು ಬಗೆಯಲ್ಲಿ ನಡೆಯುತ್ತದೆ. ಒಂದರಲ್ಲಿ, ಸಂಖ್ಯೆಯೊಡನೆ ಹೆಸರು ಅಥವಾ ಬೆರಳಚ್ಚನ್ನು ಕಳುಹಿಸಿದರೆ ಕೇಂದ್ರ ಭಂಡಾರ 'ಹೌದು' ಅಥವಾ 'ಅಲ್ಲ' ಎಂದಷ್ಟೇ ಉತ್ತರಿಸುತ್ತದೆ. ಇ-ಕೆವೈಸಿ ಎಂಬ ಇನ್ನೊಂದು ವಿಧಾನದಲ್ಲಿ ಹೆಸರು, ವಿಳಾಸ, ಭಾವಚಿತ್ರಗಳು ಕೇಳಿದ ಸಂಸ್ಥೆಗೆ ರವಾನೆಯಾಗುತ್ತವೆ.

೩. ಖಾಸಗಿ ಬಳಕೆ ಮತ್ತು ಕಾನೂನು

೨೦೧೬ರ ಆಧಾರ್ ಅಧಿನಿಯಮದ ೫೭ನೇ ಕಲಮು, ಕಾನೂನಿನ ಅಥವಾ ಕರಾರಿನ ಮೇರೆಗೆ ಖಾಸಗಿ ಸಂಸ್ಥೆಗಳೂ ಈ ಸಂಖ್ಯೆಯನ್ನು ಬಳಸಲು ಅವಕಾಶ ನೀಡಿತ್ತು. ಅದೇ ವರ್ಷದಿಂದ ದೂರವಾಣಿ ಕಂಪನಿಗಳು ಬೆರಳಚ್ಚು ಪಡೆದು ಕೆಲವೇ ನಿಮಿಷಗಳಲ್ಲಿ ಸಿಮ್ ಕೊಡತೊಡಗಿದವು. ಒಂದು ಉದ್ದೇಶಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಜಾರುವ ಸಾಧ್ಯತೆ ಬೇಗನೆ ಬೆಳಕಿಗೆ ಬಂದಿತು. ಸಿಮ್ ಪರಿಶೀಲನೆಗೆ ಬಂದ ಗ್ರಾಹಕರ ಹೆಸರಿನಲ್ಲಿ ಅವರ ಸ್ಪಷ್ಟ ಒಪ್ಪಿಗೆಯಿಲ್ಲದೆ ಬ್ಯಾಂಕ್ ಖಾತೆ ತೆರೆಯಲಾಗಿದೆ, ಅಡುಗೆ ಅನಿಲದ ಸಬ್ಸಿಡಿ ಆ ಖಾತೆಗಳಿಗೆ ಹೋಗುತ್ತಿದೆ ಎಂಬ ಆರೋಪದ ಮೇಲೆ, ೨೦೧೭ರ ಡಿಸೆಂಬರಿನಲ್ಲಿ ಪ್ರಾಧಿಕಾರವು ಏರ್‌ಟೆಲ್ ಮತ್ತು ಅದರ ಪೇಮೆಂಟ್ಸ್ ಬ್ಯಾಂಕಿನ ಇ-ಕೆವೈಸಿ ಪರವಾನಗಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು.

ಆಧಾರ್ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ೨೦೧೨ರಲ್ಲಿ ಪ್ರಶ್ನಿಸಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಈ ಪ್ರಕರಣದಲ್ಲಿಯೇ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ೨೦೧೮ರ ಸೆಪ್ಟೆಂಬರ್ ೨೬ರಂದು ಐವರ ಪೀಠವು ಬಹುಮತದಿಂದ ಯೋಜನೆಯನ್ನು ಎತ್ತಿಹಿಡಿದರೂ, ಕೇವಲ ಕರಾರಿನ ಆಧಾರದ ಮೇಲೆ ಖಾಸಗಿ ಸಂಸ್ಥೆಗಳು ಸಂಖ್ಯೆಯನ್ನು ಬಳಸಲು ಅವಕಾಶವಿದ್ದ ಭಾಗವನ್ನು ಅಸಿಂಧುಗೊಳಿಸಿತು. ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಂಖ್ಯೆಗಳಿಗೆ ಕಡ್ಡಾಯ ಜೋಡಣೆಯೂ ರದ್ದಾಯಿತು.

ಬಾಗಿಲು ಸಂಪೂರ್ಣವಾಗಿ ಮುಚ್ಚಲಿಲ್ಲ. ೨೦೧೯ರ ತಿದ್ದುಪಡಿ ೫೭ನೇ ಕಲಮನ್ನು ತೆಗೆದುಹಾಕಿ, ಬ್ಯಾಂಕು ಮತ್ತು ದೂರವಾಣಿ ಸಂಸ್ಥೆಗಳಿಗೆ ವ್ಯಕ್ತಿಯ ಸ್ವಇಚ್ಛೆಯ ಮೇರೆಗೆ ಆಧಾರ್ ಬಳಸುವ ದಾರಿ ಮಾಡಿತು. ಆಧಾರ್ ಕೊಡಲೊಪ್ಪದವನಿಗೆ ಸೇವೆ ನಿರಾಕರಿಸುವಂತಿಲ್ಲ ಎಂಬ ರಕ್ಷಣೆಯನ್ನೂ ಸೇರಿಸಿತು. ೨೦೨೫ರ ಜನವರಿ ೩೧ರ ತಿದ್ದುಪಡಿ ನಿಯಮಗಳು ಇತರ ಖಾಸಗಿ ಸಂಸ್ಥೆಗಳೂ ಸಂಬಂಧಪಟ್ಟ ಸರ್ಕಾರಿ ಇಲಾಖೆಯ ಮೂಲಕ ಅನುಮತಿ ಕೋರಲು ಅವಕಾಶ ಕಲ್ಪಿಸಿವೆ.

೪. ಬೆರಳು ಮತ್ತು ಹೆಸರು

ಕಾನೂನಿನ ಭಾಷೆಯಲ್ಲಿರುವ 'ಸ್ವಇಚ್ಛೆ' ಎಂಬ ಪದ ವ್ಯವಹಾರದಲ್ಲಿ ಯಾವ ರೂಪ ತಾಳುತ್ತದೆ ಎಂಬುದನ್ನು ಪರಿಶೀಲಿಸಬೇಕು. ಕನ್ನಡದಲ್ಲಿ 'ಹೆಬ್ಬೆಟ್ಟು' ಎಂದರೆ ಅನಕ್ಷರಸ್ಥ ಎಂಬ ಅರ್ಥ ರೂಢಿಯಲ್ಲಿದೆ. ಅಕ್ಷರ ಬಾರದವನು ತಲೆತಗ್ಗಿಸಿ ಒತ್ತುತ್ತಿದ್ದ ಗುರುತನ್ನು ಈಗ ಅಕ್ಷರಸ್ಥನೂ ಕೊಡಬೇಕಾಗಿದೆ. ಆದರೆ ಅದು ಹೊಂದದಿರುವುದು ಮುಖ್ಯವಾಗಿ ದುಡಿಯುವವನಿಗೆ. ಕಲ್ಲು ಒಡೆದು, ಸಿಮೆಂಟು ಕಲಸಿ, ಕಳೆ ಕಿತ್ತು ಸವೆದ ಬೆರಳಿನಲ್ಲಿ ಗೆರೆಗಳು ಉಳಿಯುವುದಿಲ್ಲ. ಶ್ರಮವೇ ಗುರುತನ್ನು ಅಳಿಸುತ್ತದೆ.

ಹೆಸರಿನ ತೊಡಕು ಇನ್ನೂ ಸೂಕ್ಷ್ಮವಾದುದು. ಹಳೆಯ ಮೈಸೂರು ಭಾಗದಲ್ಲಿ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಹೆಸರಿಗೆ ಅಂಟಿಕೊಳ್ಳುತ್ತದೆ. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಕೊನೆಗೆ ಬರುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮಗುವಿಗೆ 'ತಿಪ್ಪ' ಎಂದು ಹೆಸರಿಡುವ ರೂಢಿಯಿತ್ತು. ಕೆಲವು ಸಮುದಾಯಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರೇ ಬದಲಾಗುತ್ತದೆ. ಒಬ್ಬರಿಗೆ ಮೂರು ಹೆಸರುಗಳಿರುವುದು ಜನಪದ ಬದುಕಿನಲ್ಲಿ ಸಹಜ. ಇಂಗ್ಲಿಷ್ ಕಾಗುಣಿತದ ಒಂದು ಅಕ್ಷರ ವ್ಯತ್ಯಾಸವಾದರೂ ಒಪ್ಪದ ಯಂತ್ರದ ಕಣ್ಣಿಗೆ ಈ ಮೂರೂ ಮೂರು ಜನ.

ಅಲೆಮಾರಿಗಳ ಸ್ಥಿತಿ ಇದಕ್ಕಿಂತ ಕಠಿಣ. ಅಧಿನಿಯಮದ ೫ನೇ ಕಲಮು ಅಲೆಮಾರಿ ಬುಡಕಟ್ಟುಗಳ ಹಾಗೂ ಶಾಶ್ವತ ಮನೆಯಿಲ್ಲದವರ ನೋಂದಣಿಗೆ ವಿಶೇಷ ಕ್ರಮ ವಹಿಸಬೇಕೆಂದು ಹೇಳುತ್ತದೆ. ನೋಂದಣಿಯ ಹಂತದ ಈ ಎಚ್ಚರ ಕಂಪನಿಯ ಕಿಟಕಿಯಲ್ಲಿಯೂ ಇರಬೇಕಾದುದು ನ್ಯಾಯ. ಊರಿನವರೆಲ್ಲರ ವಂಶವನ್ನು ಬಲ್ಲ ಹೆಳವನು ತಾನು ಯಾರೆಂದು ತೋರಿಸಲಾಗದೆ ನಿಲ್ಲುವ ಸಂದರ್ಭ ಬರಬಾರದು.

೫. ಸಮಾರೋಪ

ಮೇಲಿನ ವಿವೇಚನೆಯಿಂದ ಗುರುತಿಸುವುದು ಬೇರೆ, ತಾಳೆ ನೋಡುವುದು ಬೇರೆ ಎಂಬುದು ಸ್ಪಷ್ಟವಾಗುತ್ತದೆ. ಮೊದಲನೆಯದರಲ್ಲಿ ಸಂಬಂಧವೂ ಹೊಣೆಯೂ ಇವೆ. ಎರಡನೆಯದರಲ್ಲಿ ವೇಗವೂ ಸಮಾನತೆಯೂ ಇವೆ. ಜಾತಿಯ ಪ್ರಶ್ನೆಯನ್ನು ಕೇಳದ ಸಂಖ್ಯೆಯನ್ನು ಕೈಬಿಟ್ಟು ಹಳೆಯ ಜಗಲಿಗೆ ಮರಳುವುದು ಪರಿಹಾರವಲ್ಲ. ಆದರೆ ಹೆಳವರ ಪದ್ಧತಿಯಿಂದ ಕಲಿಯಬಹುದಾದ ಮೂರು ತತ್ವಗಳಿವೆ: ಮಾಹಿತಿಯನ್ನು ಅದರ ಒಡೆಯನ ಅರಿವಿನಲ್ಲಿಯೇ ಬಳಸಬೇಕು, ತಪ್ಪನ್ನು ಅಲ್ಲಿಯೇ ತಿದ್ದಲು ಅವಕಾಶವಿರಬೇಕು, ಮಾಹಿತಿ ಪಡೆದವನು ಕೊಟ್ಟವನಿಗೆ ಉತ್ತರದಾಯಿಯಾಗಿರಬೇಕು. ಸಂಖ್ಯೆಯ ಬದಲಿಗೆ ಬೇರೆ ದಾಖಲೆ ತೋರಿಸುವ ಹಕ್ಕು ಕಾಗದದ ಮೇಲಷ್ಟೇ ಅಲ್ಲದೆ ಕಿಟಕಿಯ ಮುಂದೆಯೂ ಉಳಿದಾಗ ಮಾತ್ರ 'ಸ್ವಇಚ್ಛೆ' ಎಂಬ ಪದಕ್ಕೆ ಅರ್ಥ ಬರುತ್ತದೆ. ಗುರುತಿನ ದಾಖಲೆಗಳೊಡನೆ ಜನಸಾಮಾನ್ಯರು ನಡೆಸುತ್ತಿರುವ ದೈನಂದಿನ ವ್ಯವಹಾರ, ಅದರಿಂದ ಹುಟ್ಟುತ್ತಿರುವ ಮಾತು, ಗಾದೆ, ನಗೆಹನಿಗಳು ಸಮಕಾಲೀನ ಜಾನಪದದ ಭಾಗಗಳೇ ಆಗಿದ್ದು, ಅವುಗಳ ಕ್ಷೇತ್ರಕಾರ್ಯ ಆಧಾರಿತ ಅಧ್ಯಯನ ನಡೆಯಬೇಕಾಗಿದೆ.