ಕಂಪ್ಯೂಟರಿಗೂ ಹಲ್ಲು ನೋಡಿ

ನಮ್ಮ ಮನೆಯಲ್ಲಿ ಶೇಂಗಾ, ರಾಗಿಯ ಖರ್ಚು-ವೆಚ್ಚ, ಪಹಣಿ ನೋಡುವುದು, ಮಕ್ಕಳ ಅರ್ಜಿ ತುಂಬುವುದು ಎಲ್ಲ ಡೆಸ್ಕ್‌ಟಾಪಿನಲ್ಲೇ. ಮೈಕ್ರೋಸಾಫ್ಟಿನವರು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ನಿಲ್ಲಿಸಿದರು. ಯಂತ್ರ ನಡೆಯುತ್ತದೆ, ಆದರೆ ಭದ್ರತೆಯ ತೇಪೆ ಬರೋದಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವವರಿಗೆ ಇದು ಸಣ್ಣ ಮಾತಲ್ಲ. ಹಾಗಾದರೆ ಹೊಸದೇ ಬೇಕೋ, ಹಳೇ ಮಾಡೆಲ್ ಸಾಕೋ?

ವಯಸ್ಸು ತಿಳಿಯುವ ಬಗೆ

ಎತ್ತು ಕೊಳ್ಳುವಾಗ ಮೈ ನೋಡಿ ಮರುಳಾಗದೆ ಹಲ್ಲು ನೋಡುತ್ತೇವಲ್ಲ, ಇಲ್ಲೂ ಹಾಗೇ. ಅಂಗಡಿಯವರು 'ಐ5 ಇದೆ, ಐ7 ಇದೆ' ಅನ್ನುತ್ತಾರೆ. ಅಷ್ಟರಿಂದ ವಯಸ್ಸು ತಿಳಿಯದು. ಮುಂದಿನ ಅಂಕಿ ಕೇಳಿ. ಐ5-4570 ಅಂದರೆ ನಾಲ್ಕನೇ ತಲೆಮಾರು, 2013ರದು. ಐ5-8500 ಎಂಟನೆಯದು, 2018ರದು. ಐದಂಕಿ ಇದ್ದರೆ ಮೊದಲ ಎರಡು ನೋಡಿ: ಐ3-12100 ಹನ್ನೆರಡನೆಯದು. ಈ ಐ3, ಹಳೇ ಐ5-6500ಕ್ಕಿಂತ ಚುರುಕು. ಹೆಸರು ದೊಡ್ಡದಿದ್ದ ಮಾತ್ರಕ್ಕೆ ಕಸುವು ದೊಡ್ಡದಲ್ಲ.

ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರಿಂದ ಈಚಿನದು ಬೇಕು. ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡೂ ಇರಬೇಕು.

ಮೂರು ದಾರಿ

1. ನಾಲ್ಕು, ಐದು, ಆರನೇ ತಲೆಮಾರಿನದು ಮನೆಯಲ್ಲೇ ಇದ್ದರೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಆಮೆಯಂತಿದ್ದದ್ದು ಎದ್ದು ಓಡಾಡುತ್ತದೆ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿಕೊಂಡರೆ ಲೆಕ್ಕ, ಪತ್ರ, ಇಂಟರ್ನೆಟ್ಟಿಗೆ ಸಾಕು, ಕನ್ನಡವೂ ಬರುತ್ತದೆ. ಆದರೆ ಅದರ ರ‍್ಯಾಮಿಗೆ ಬಹಳ ದುಡ್ಡು ಸುರಿಯಬೇಡಿ. ಡಿಡಿಆರ್3 ರ‍್ಯಾಮ್, ಡಿಡಿಆರ್4 ಯಂತ್ರದಲ್ಲಿ ಕೂರೋದಿಲ್ಲ. ಎಸ್‌ಎಸ್‌ಡಿಯನ್ನಾದರೆ ಮುಂದಿನ ಯಂತ್ರಕ್ಕೂ ಹಾಕಿಕೊಳ್ಳಬಹುದು.

2. ಕೊಳ್ಳಲೇಬೇಕಾದರೆ ಎಂಟರಿಂದ ಹತ್ತನೇ ತಲೆಮಾರಿನ ಸೆಕೆಂಡ್ ಹ್ಯಾಂಡ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ನಮ್ಮಂಥವರ ಕೆಲಸಕ್ಕೆ ಇದೇ ಸರಿ. ಆಫೀಸುಗಳು ಒಟ್ಟಿಗೆ ಮಾರಿದ ಯಂತ್ರಗಳು ಪೇಟೆಯಲ್ಲಿ ಸಿಗುತ್ತವೆ. ನಾನು ಆರಿಸಿದ್ದೂ ಎಂಟನೆಯದೇ. ಉಳಿದ ದುಡ್ಡು ಬಿತ್ತನೆ ಶೇಂಗಾಕ್ಕೆ ಆಯಿತು.

3. ವಿಡಿಯೋ ಕತ್ತರಿಸಿ ಜೋಡಿಸುವುದು, ಮಕ್ಕಳ ಇಂಜಿನಿಯರಿಂಗ್ ಓದಿನ ಭಾರೀ ತಂತ್ರಾಂಶ ಇಂಥವು ಇದ್ದರೆ ಹೊಸದಕ್ಕೆ ಹೋಗಿ. ಬಿಲ್ಲು, ಗ್ಯಾರಂಟಿ ಇಸಿದುಕೊಳ್ಳಿ.

ಕೊಳ್ಳುವ ಮುಂಚೆ

ಡಬ್ಬಿ ಮೇಲಿನ ಚೀಟಿ ನಂಬಬೇಡಿ, ಯಂತ್ರ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಚಿಪ್ಪಿನ ಅಂಕಿ, ರ‍್ಯಾಮ್, ಡಿಸ್ಕ್ ಎಲ್ಲ ಕಾಣುತ್ತದೆ. ಅರ್ಧ ಗಂಟೆ ಓಡಿಸಿ, ಫ್ಯಾನಿನ ಸದ್ದು ಕೇಳಿ. ಹಳ್ಳಿಯ ಕರೆಂಟಿನ ಆಟ ಗೊತ್ತೇ ಇದೆ, ಯುಪಿಎಸ್ ಇಲ್ಲದೆ ಯಾವ ಯಂತ್ರವನ್ನೂ ಮನೆಗೆ ತರಬೇಡಿ.